ಮಳೆನೀರಲ್ಲಿ ಹೊಗೆಯ ಜಾಡು ಹಿಡಿದವನು

ಇಂಜಿನಿಯರಿಂಗ್‌ನಲ್ಲಿ ಪರಿಸರ ಅಧ್ಯಯನ ಅಂತ ಒಂದು ಪೇಪರ್ ಇತ್ತು. ಆಮ್ಲಮಳೆ ಅದರಲ್ಲಿ ಎರಡು ಮಾರ್ಕಿನ ಪ್ರಶ್ನೆ. ಬರೆದ್ವಿ, ಪಾಸಾದ್ವಿ, ಮರೆತ್ವಿ. 1872ರಲ್ಲೇ ಗಾಳಿ-ಮಳೆಯ ರಸಾಯನದ ಬಗ್ಗೆ ದಪ್ಪ ಪುಸ್ತಕ ಬರೆದು ಆ ಪದಕ್ಕೆ ಜೀವ ಕೊಟ್ಟ ರಾಬರ್ಟ್ ಆಂಗಸ್ ಸ್ಮಿತ್‌ನ ಹೆಸರು ನಮ್ಮ ನೋಟ್ಸಿನಲ್ಲಿ ಇರಲೇ ಇಲ್ಲ.

ಸ್ಮಿತ್ ಹುಟ್ಟಿದ್ದು 1817ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಕ್ಕದಲ್ಲಿ. ಪಾದ್ರಿಯಾಗಬೇಕಿದ್ದವನು. ವಿಶ್ವವಿದ್ಯಾಲಯ ಸೇರಿ ಡಿಗ್ರಿ ಮುಗಿಸದೆ ಹೊರಬಿದ್ದ, ಮನೆಪಾಠ ಹೇಳಿ ಹೊಟ್ಟೆ ಹೊರೆದ. ಆಮೇಲೆ ಜರ್ಮನಿಯಲ್ಲಿ, ಕೃಷಿ ರಸಾಯನಶಾಸ್ತ್ರದ ದೊಡ್ಡ ಹೆಸರಾದ ಲೀಬಿಗ್ ಬಳಿ ಕಲಿತು 1841ರಲ್ಲಿ ಡಾಕ್ಟರೇಟ್ ಪಡೆದ. ದಾರಿ ತಪ್ಪಿಯೇ ದಾರಿ ಕಂಡುಕೊಂಡವ. ಇಂಜಿನಿಯರಿಂಗ್ ಓದಿ ಪತ್ರಕರ್ತನಾದ ನನಗೆ ಇಷ್ಟವಾಗಲು ಅಷ್ಟು ಸಾಕು.

ನೆಲೆ ನಿಂತಿದ್ದು ಮ್ಯಾಂಚೆಸ್ಟರಿನಲ್ಲಿ. ಹತ್ತಿ ಗಿರಣಿ, ಕಲ್ಲಿದ್ದಲ ಹೊಗೆಯ ಊರು. ಅಲ್ಲಿನ ಮಳೆನೀರನ್ನು ಹಿಡಿದು ಪರೀಕ್ಷೆ ಮಾಡಿದ. 1852ರಲ್ಲಿ ಅವನು ಪ್ರಕಟಿಸಿದ್ದು ಇಷ್ಟು: ದೂರದ ಹೊಲಗಳ ಕಡೆ ಅಮೋನಿಯದ ಕಾರ್ಬೊನೇಟ್, ಊರಂಚಿನಲ್ಲಿ ಅಮೋನಿಯದ ಸಲ್ಫೇಟ್, ಊರೊಳಗೆ ಗಂಧಕಾಮ್ಲ. ಬಟ್ಟೆಯ ಬಣ್ಣ ಮಾಸೋದಕ್ಕೂ ಲೋಹ ತುಕ್ಕು ಹಿಡಿಯೋದಕ್ಕೂ ಇದೇ ಕಾರಣ ಅಂದ. ಮುಂದೆ ಗಿಡಮರಗಳಿಗಾಗುವ ಹಾನಿಯನ್ನೂ ಸೇರಿಸಿದ.

ಆ ಹಾನಿ ಆಗೋದು ಎರಡು ಕಡೆಯಿಂದ. ಶುದ್ಧ ಗಾಳಿಯಲ್ಲಿ ಬೀಳುವ ಮಳೆಯೂ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಪಿಎಚ್ 5.6ರ ಆಸುಪಾಸು ಇರುತ್ತೆ. ಅದಕ್ಕಿಂತ ಬಹಳ ಕೆಳಗಿಳಿದರೆ ಎಲೆಯ ಮೇಣದ ಪದರ ಸವೆಯುತ್ತೆ, ಒಳಗಿನ ಪೋಷಕಾಂಶ ತೊಳೆದುಹೋಗುತ್ತೆ. ಕಣ್ಣಿಗೆ ಕಾಣದ ಪೆಟ್ಟು ಮಣ್ಣಿನಲ್ಲಿ: ಕ್ಯಾಲ್ಸಿಯಂ, ಮೆಗ್ನೀಸಿಯಂ ಬಸಿದುಹೋಗಿ, ಮಣ್ಣಲ್ಲಿ ಬಿಗಿಯಾಗಿ ಕೂತಿದ್ದ ಅಲ್ಯೂಮಿನಿಯಂ ಕರಗಿ ಹೊರಬಂದು ಬೇರಿನ ತುದಿ ಬೆಳೆಯದಂತೆ ಮಾಡುತ್ತೆ. ಗೊಬ್ಬರ ಹಾಕಿದರೂ ಗಿಡ ಕುಂಟುತ್ತಿರುತ್ತೆ.

ಸ್ಮಿತ್‌ಗೆ ಅಧಿಕಾರ ಸಿಕ್ಕಿದ್ದು ಗಿಡಮರ ಸತ್ತದ್ದರಿಂದಲೇ. ಉಪ್ಪಿನಿಂದ ಸೋಡಾ ತಯಾರಿಸುವ ಕಾರ್ಖಾನೆಗಳು ಬಿಡುತ್ತಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಅನಿಲಕ್ಕೆ ಸುತ್ತಲಿನ ಬೇಲಿ, ಬೆಳೆ, ಮರ ಒಣಗಿದವು. ಜಮೀನ್ದಾರರು ಗಲಾಟೆ ಮಾಡಿದರು. 1863ರಲ್ಲಿ ಕಾಯ್ದೆ ಬಂತು: ಆ ಅನಿಲದಲ್ಲಿ ಶೇ. 95ರಷ್ಟನ್ನು ಹಿಡಿದಿಡಬೇಕು. ಮೊದಲ ಇನ್ಸ್‌ಪೆಕ್ಟರ್ ಆದವನು ಸ್ಮಿತ್, 1884ರಲ್ಲಿ ಸಾಯುವವರೆಗೂ. ಆತ ಕೇಸು ಹಾಕಿದ್ದು ಕಡಿಮೆ, ಮಾಲೀಕರ ಜೊತೆ ಕೂತು ತಿದ್ದಿದ್ದು ಜಾಸ್ತಿ. ಮೆದು ಅಂತ ಬೈಸಿಕೊಂಡ. ನನ್ನ ತಕರಾರು ಬೇರೆ: ಮಳೆಯನ್ನು ಹುಳಿ ಮಾಡುತ್ತಿದ್ದ ಕಲ್ಲಿದ್ದಲ ಹೊಗೆ ಆ ಕಾಯ್ದೆಯ ಹೊರಗೇ ಉಳಿಯಿತು. ಅವನ ಸಂಶೋಧನೆಯೂ ಮರೆಯಾಯಿತು. 1960ರ ದಶಕದ ಕೊನೆಗೆ ಸ್ವೀಡನ್ನಿನ ವಿಜ್ಞಾನಿಗಳು ತಮ್ಮ ಕೆರೆಗಳು ಹುಳಿಯಾಗಲು ಬೇರೆ ದೇಶಗಳ ಹೊಗೆಯೂ ಕಾರಣ ಅಂತ ಹೇಳಿದಾಗಲೇ ಲೋಕಕ್ಕೆ ಮತ್ತೆ ಜ್ಞಾನೋದಯ.

ಇತ್ತ ತುಮಕೂರಿನ ಗೂಳೂರಿಗೆ ಬನ್ನಿ. ತೆಂಗು, ಅಡಿಕೆ, ರಾಗಿಯ ಸೀಮೆ, ಪಕ್ಕದಲ್ಲಿ ಕಲ್ಲಿದ್ದಲ ವಿದ್ಯುತ್ ಸ್ಥಾವರ ಇಲ್ಲ. ಜೊತೆಗೆ ನಮ್ಮ ದೇಶದ ಬಹುಪಾಲು ಕಡೆ ಗಾಳಿಯಲ್ಲಿರುವ ಸುಣ್ಣದಂಶದ ಧೂಳು ಮಳೆಯ ಹುಳಿಯನ್ನು ಮುರಿಯುತ್ತೆ. ನಾವು ಬೈಯುವ ಧೂಳೇ ಇಲ್ಲಿ ಕಾಯುತ್ತಿರೋದು! ಅದೇ ಧೈರ್ಯವೋ ಏನೋ, ಸ್ಥಾವರಗಳ ಗಂಧಕದ ಡೈಆಕ್ಸೈಡ್‌ಗೆ 2015ರಲ್ಲಿ ಹಾಕಿದ ಮಿತಿಯ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಟ್ಟಿತು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ ಅನ್ನೋದು ವಾದ. ಸುಳ್ಳಲ್ಲ, ಆದರೆ ನಾವು ಸುಡೋದು ಕಡಿಮೆಯೇನಲ್ಲ. ವಿನಾಯಿತಿ ಸಿಕ್ಕಿದ್ದು ದೊಡ್ಡ ನಗರಗಳಿಂದ, ತೀರಾ ಕಲುಷಿತ ಪ್ರದೇಶಗಳಿಂದ 10 ಕಿ.ಮೀ.ಗಿಂತ ದೂರ ಇರುವವಕ್ಕೆ, ಚಿಮಣಿ ಸಾಕಷ್ಟು ಎತ್ತರ ಇರಬೇಕೆಂಬ ಷರತ್ತಿನ ಮೇಲೆ. ಎತ್ತರದ ಚಿಮಣಿಯ ಹೊಗೆ ಇಳಿಯೋದು ಇನ್ನೂ ದೂರದ ಹೊಲಗಳ ಮೇಲೆ.