ಬಾರ್ ಹಾಕಿಸೋಕೆ ಮುಂಚೆ ಚಾಪ್‌ಮನ್

ಚಿಕ್ಕ ಕಾರಿಗೆ ಸ್ಟ್ರಟ್ ಬಾರ್ ಹಾಕಿಸ್ಬೇಕಾ ಬೇಡ್ವಾ ಅಂತ ಹಾಸ್ಟೆಲಲ್ಲಿ ಜಗಳ ಶುರುವಾದಾಗಲೆಲ್ಲ ನಮಗೆ ಲೋಟಸ್ ಕಟ್ಟಿದ ಕಾಲಿನ್ ಚಾಪ್‌ಮನ್ ನೆನಪಾಗ್ತಾರೆ. 1928ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಓದಿದ್ದು ಸ್ಟ್ರಕ್ಚರಲ್ ಇಂಜಿನಿಯರಿಂಗ್. (ಸಿವಿಲ್‌ನವರು ಕಾಲರ್ ಎತ್ಕೊಳ್ಳಿ!) ಹಳೇ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ಮೊದಲ ಕಾರು ಕಟ್ಟಿದರು.

ನಮಗಿಷ್ಟ ಎಲಾನ್ ಕಥೆ. ಮೇಲ್ಛಾವಣಿ ಇಲ್ಲದ ಕಾರು ತಿರುವಿನಲ್ಲಿ ಬೇಗ ತಿರುಚಿಕೊಳ್ಳುತ್ತೆ. ಸಸ್ಪೆನ್ಷನ್ ಟೆಸ್ಟ್ ಮಾಡೋಕೆ ಅಂತ ತಾತ್ಕಾಲಿಕವಾಗಿ ತೆಳು ಸ್ಟೀಲ್ ಶೀಟ್ ಮಡಿಸಿ, ಬೆನ್ನುಮೂಳೆಯಂಥ ಪೆಟ್ಟಿಗೆ ಮಾಡಿದರು. ಅದು ಎಷ್ಟು ಗಟ್ಟಿಯಾಗಿತ್ತು ಅಂದ್ರೆ 1962ರ ಎಲಾನ್‌ಗೆ ಅದೇ ಚಾಸಿ ಆಯ್ತು. ಚಾಸಿ ಬಾಗದಿದ್ದರೆ ಸ್ಪ್ರಿಂಗ್ ಮೆತ್ತಗಿಟ್ಟರೂ ಚಕ್ರ ಹೇಳಿದ ಮಾತು ಕೇಳುತ್ತೆ. ಅದೇ ವರ್ಷ ಲೋಟಸ್ 25ರಲ್ಲಿ ಟ್ಯೂಬ್ ಫ್ರೇಮ್ ಬಿಟ್ಟು ಮೊನೊಕಾಕ್ ತಂದರು. 1963ರಲ್ಲಿ ಅದರಲ್ಲೇ ಜಿಮ್ ಕ್ಲಾರ್ಕ್ ವಿಶ್ವ ಚಾಂಪಿಯನ್.

ಆದ್ರೆ ಹಗುರದ ಹುಚ್ಚಿನಿಂದ ಲೋಟಸ್ ಮುರಿಯುತ್ತೆ ಅನ್ನೋ ಕೆಟ್ಟ ಹೆಸರೂ ಅಂಟಿತು. 1970ರಲ್ಲಿ ಮೊಂಜಾದಲ್ಲಿ ಯೋಖೆನ್ ರಿಂಟ್ ಲೋಟಸ್ ಓಡಿಸುವಾಗಲೇ ಸತ್ತರು. ಇದನ್ನ ಮುಚ್ಚಿಟ್ಟು ಚಾಪ್‌ಮನ್ನರನ್ನು ಹೊಗಳೋಕೆ ನಮಗೆ ಮನಸ್ಸಿಲ್ಲ.

1982ರಲ್ಲಿ, 54ನೇ ವಯಸ್ಸಿಗೆ ಹೃದಯಾಘಾತದಿಂದ ಹೋದರು. ಹಾಸ್ಟೆಲ್ ಜಗಳಕ್ಕೆ ನಮ್ಮ ಓಟು: ಛಾವಣಿ ಇಲ್ಲದ ಕಾರಾದ್ರೆ ಬಾರ್ ಹಾಕ್ಸಿ, ರಸ್ತೆಯಲ್ಲಿ ಓಡೋ ಹ್ಯಾಚ್‌ಬ್ಯಾಕ್ ಆದ್ರೆ ಆ ದುಡ್ಡಲ್ಲಿ ಒಳ್ಳೆ ಟೈರ್ ತಗೊಳ್ಳಿ.