ಚಿತ್ರಗ್ರೀವನ ಕಥೆಗಾರ ಧನಗೋಪಾಲ ಮುಖರ್ಜಿ

ಕಾಡಿನ ಮರಿಯೊಂದು ಹುಟ್ಟಿ, ಹೆದರಿ, ಎಡವಿ, ಕಲಿತು, ಬಲಿತು ನಿಲ್ಲುವ ಕಥೆಯನ್ನು ಕೇಳಲು ಇಚ್ಛಿಸದ ಬಾಲಕನಿಲ್ಲ. ಆ ಮರಿಯ ಬೆಳವಣಿಗೆಯಲ್ಲಿ ಮಗು ತನ್ನ ಬೆಳವಣಿಗೆಯನ್ನೇ ಕಾಣುತ್ತದೆ. ಇಂಥ ಕಥೆಗಳನ್ನು ಬರೆದು, ಕಡಲಾಚೆಯ ಮಕ್ಕಳಿಗೆ ಭಾರತದ ಅರಣ್ಯವನ್ನು ಭಾರತೀಯನ ಕಣ್ಣಿನಿಂದಲೇ ತೋರಿಸಿದ ಮಹನೀಯರು ಧನಗೋಪಾಲ ಮುಖರ್ಜಿಯವರು. ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಪದಕವನ್ನು ಪಡೆದ ಪ್ರಥಮ ಭಾರತೀಯರು ಅವರೇ. ಆದರೂ ಅವರ ಹೆಸರು ಅವರ ತಾಯ್ನಾಡಿನಲ್ಲಿ ಇರಬೇಕಾದಷ್ಟು ಬಳಕೆಯಲ್ಲಿಲ್ಲ.

ಧನಗೋಪಾಲರು 1890ರ ಜುಲೈ 6ರಂದು ವಂಗದೇಶದಲ್ಲಿ, ಕಲ್ಕತ್ತೆಗೆ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದರು. ಊರ ಅಂಚಿನಲ್ಲೇ ಕಾಡು. ಅವರದು ದೇವಾಲಯದ ಅರ್ಚನೆಯನ್ನು ನಡೆಸಿಕೊಂಡು ಬಂದ ಬ್ರಾಹ್ಮಣ ಮನೆತನ. ತಾಯಿಯ ಬಾಯಿಂದ ರಾಮಾಯಣ ಮಹಾಭಾರತಗಳ ಕಥೆಗಳನ್ನು ಕೇಳುತ್ತ ಅವರು ಬೆಳೆದರು. ಎಳೆವಯಸ್ಸಿನಲ್ಲಿಯೇ ಪೌರೋಹಿತ್ಯದ ದೀಕ್ಷೆ ಪಡೆದು, ಸಂಪ್ರದಾಯದಂತೆ ಭಿಕ್ಷಾಪಾತ್ರೆ ಹಿಡಿದು ಊರೂರು ಸಂಚರಿಸಿದರು. ಆದರೆ ಅರ್ಚಕ ವೃತ್ತಿಯಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಅಣ್ಣ ಜಾದುಗೋಪಾಲರು ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಕ್ರಾಂತಿಕಾರರ ಗುಂಪನ್ನು ಸೇರಿದ್ದರು. ಆ ಗಾಳಿ ತಮ್ಮನನ್ನೂ ತಟ್ಟಿತ್ತು.

ಯಂತ್ರವಿದ್ಯೆಯನ್ನು ಕಲಿಯಲೆಂದು ತರುಣ ಧನಗೋಪಾಲರು ಜಪಾನಿಗೆ ತೆರಳಿದರು. ಅಲ್ಲಿನ ಕಾರ್ಖಾನೆಗಳಲ್ಲಿ ಮನುಷ್ಯನೇ ಯಂತ್ರದ ಒಂದು ಭಾಗವಾಗುವುದನ್ನು ಕಂಡು ಅವರ ಮನಸ್ಸು ಮುದುಡಿತು. 1910ರಲ್ಲಿ ಅಮೆರಿಕದ ಪಶ್ಚಿಮ ತೀರದಲ್ಲಿಳಿದರು. ಕೈಯಲ್ಲಿ ಹಣವಿಲ್ಲ, ಗುರುತಿನವರಿಲ್ಲ. ಪಾತ್ರೆ ತೊಳೆದರು, ಹೊಲಗಳಲ್ಲಿ ಕೂಲಿಗೆ ದುಡಿದರು. ಹಾಗೆಯೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. 1914ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಪದವೀಧರರಾದರು. 1918ರಲ್ಲಿ ಎಥೆಲ್ ರೇ ದುಗನ್ ಎಂಬ ಅಮೆರಿಕದ ವಿದ್ಯಾವಂತ ಮಹಿಳೆಯನ್ನು ವಿವಾಹವಾದರು. ಬರವಣಿಗೆ, ಉಪನ್ಯಾಸಗಳೇ ಮುಂದೆ ಅವರ ಜೀವನೋಪಾಯವಾದವು.

ಪಾಶ್ಚಾತ್ಯ ಮಕ್ಕಳು ಆ ಕಾಲದಲ್ಲಿ ಭಾರತದ ಅರಣ್ಯವನ್ನು ಅರಿತಿದ್ದುದು ಮುಖ್ಯವಾಗಿ ಕಿಪ್ಲಿಂಗರ ಕಥೆಗಳಿಂದ. ಧನಗೋಪಾಲರು ತಮ್ಮ ಬಾಲ್ಯದ ನೆನಪನ್ನೇ ಬಂಡವಾಳವಾಗಿಟ್ಟುಕೊಂಡು ಬೇರೊಂದು ಹಾದಿ ಹಿಡಿದರು. 1922ರಲ್ಲಿ ಪ್ರಕಟವಾದ ಅವರ ಮೊದಲ ಮಕ್ಕಳ ಕೃತಿಯ ನಾಯಕ 'ಕರಿ' ಎಂಬ ಆನೆಮರಿ. ಐದು ತಿಂಗಳ ಈ ಮರಿಯನ್ನು ಒಂಬತ್ತು ವರ್ಷದ ಬಾಲಕನ ವಶಕ್ಕೆ ಒಪ್ಪಿಸಲಾಗುತ್ತದೆ. ಅಂದಿನಿಂದ ಇಬ್ಬರೂ ಜೊತೆಯಾಗಿಯೇ ಬೆಳೆಯುತ್ತಾರೆ. ಒಮ್ಮೆ ಹೊಳೆಯಲ್ಲಿ ಮುಳುಗಿದ ಹುಡುಗನೊಬ್ಬನನ್ನು ಕಂಡ ಕರಿ, ತನ್ನ ಒಡೆಯನನ್ನು ಕೂಗಿ ಕರೆದು ನೀರಿಗೆ ತಳ್ಳುತ್ತದೆ. ಸೊಂಡಿಲು ಚಾಚಿ ಇಬ್ಬರನ್ನೂ ದಡಕ್ಕೆಳೆಯುತ್ತದೆ. ಬಾಳೆಹಣ್ಣನ್ನು ಕದ್ದಾಗ ದಂಡನೆಗೂ ಗುರಿಯಾಗುತ್ತದೆ. ತಪ್ಪು ಮಾಡಿದ ಆನೆ ಶಿಕ್ಷೆಯನ್ನು ಸಹಿಸುತ್ತದೆ, ಆದರೆ ನಿಷ್ಕಾರಣವಾಗಿ ಹೊಡೆದವನನ್ನು ಅದು ಮರೆಯುವುದಿಲ್ಲವೆಂಬ ತಿಳಿವಳಿಕೆ ಆ ಪುಟಗಳಲ್ಲಿದೆ. ಮಕ್ಕಳನ್ನು ಸಾಕಿ ಸಲಹುವ ಹಿರಿಯರಿಗೂ ಈ ಮಾತು ಸಲ್ಲುತ್ತದೆ.

1927ರಲ್ಲಿ ಹೊರಬಂದ ಚಿತ್ರಗ್ರೀವ ಎಂಬ ಪಾರಿವಾಳದ ಕಥೆ ಅವರ ಕೃತಿಗಳಲ್ಲೆಲ್ಲ ಪ್ರಖ್ಯಾತವಾದುದು. ನಮ್ಮ ಪ್ರಾಚೀನ ನೀತಿಕಥೆಗಳಲ್ಲಿ ಬೇಟೆಗಾರನ ಬಲೆಯಿಂದ ಪರಿವಾರವನ್ನು ಪಾರುಮಾಡುವ ಪಾರಿವಾಳಗಳ ಅರಸನ ಹೆಸರೂ ಇದೇ. ಗೂಡಿನಲ್ಲಿ ಎರಡು ಮೊಟ್ಟೆಗಳು. ಗೂಡನ್ನು ಶುಚಿಮಾಡಹೋದ ಬಾಲಕನ ಮೇಲೆ ತಂದೆಹಕ್ಕಿ ಎರಗಿದಾಗ ಕೈಜಾರಿ ಒಂದು ಮೊಟ್ಟೆ ಒಡೆದುಹೋಗುತ್ತದೆ. ಉಳಿದ ಒಂದರಿಂದ ಹೊರಬಂದವನೇ ಚಿತ್ರಗ್ರೀವ. ರೆಕ್ಕೆ ಬಲಿತರೂ ಹಾರಲಂಜುವ ಮರಿಯನ್ನು ತಂದೆಹಕ್ಕಿ ಮಾಳಿಗೆಯ ಅಂಚಿನಿಂದ ಕೆಳಗೆ ನೂಕುತ್ತದೆ. ಬೀಳುವ ಭೀತಿಯಲ್ಲಿಯೇ ಮರಿಯ ರೆಕ್ಕೆಗಳು ಬಿಚ್ಚಿಕೊಳ್ಳುತ್ತವೆ. ತಾಯಿಹಕ್ಕಿ ಅದರ ಬಳಿಯೇ ಹಾರಿ ಧೈರ್ಯ ತುಂಬುತ್ತದೆ.

ಕಥೆ ಇಷ್ಟಕ್ಕೆ ಮುಗಿಯುವುದಿಲ್ಲ. ಪ್ರಥಮ ಮಹಾಯುದ್ಧದಲ್ಲಿ ಭಾರತೀಯ ಸೈನ್ಯದೊಡನೆ ಚಿತ್ರಗ್ರೀವನೂ ಸಂದೇಶವಾಹಕನಾಗಿ ಯುರೋಪಿನ ರಣರಂಗಕ್ಕೆ ಹೋಗುತ್ತಾನೆ. ಜೊತೆಯಲ್ಲಿ ವೃದ್ಧ ಬೇಟೆಗಾರ ಘೋಂಡ. ಗುಂಡಿನ ಮಳೆಯ ನಡುವೆ ಕರ್ತವ್ಯವನ್ನು ನೆರವೇರಿಸಿ ಮರಳಿದ ಹಕ್ಕಿ ಹಾರಲೊಲ್ಲದು. ಮೈಗಾಯ ಮಾಗಿದರೂ ಒಳಗಿನ ಭಯ ಅಳಿದಿಲ್ಲ. ಘೋಂಡನ ಹೃದಯವೂ ಹಿಂಸೆಯ ಸ್ಮರಣೆಯಿಂದ ಕಲುಷಿತವಾಗಿದೆ. ಹಿಮಾಲಯದ ಬೌದ್ಧ ವಿಹಾರವೊಂದರಲ್ಲಿ, ಅಲ್ಲಿನ ಹಿರಿಯ ಭಿಕ್ಷುವಿನ ಸನ್ನಿಧಿಯಲ್ಲಿ ಧ್ಯಾನ ಪ್ರಾರ್ಥನೆಗಳಿಂದ ಇಬ್ಬರೂ ಗುಣಹೊಂದುತ್ತಾರೆ. ಭಯ ಮತ್ತು ದ್ವೇಷಗಳು ಮನಸ್ಸಿನ ವ್ಯಾಧಿಗಳು, ಅವುಗಳಿಗೆ ಚಿಕಿತ್ಸೆಯೂ ಉಂಟು ಎಂಬುದೇ ಆ ಕೃತಿಯ ತಿರುಳು. ಬೋರಿಸ್ ಅರ್ಟ್ಸಿಬಾಷೆಫ್ ಎಂಬ ಕಲಾವಿದರ ಚಿತ್ರಗಳಿಂದ ಅಲಂಕೃತವಾದ ಈ ಪುಸ್ತಕಕ್ಕೆ 1928ರಲ್ಲಿ ನ್ಯೂಬೆರಿ ಪದಕ ಸಂದಿತು. 1929ರಲ್ಲಿ ಆನೆಹಿಂಡಿನ ನಾಯಕನ ಕಥೆ ಪ್ರಕಟವಾಯಿತು. 1936ರಲ್ಲಿ ಹುಲಿಯೊಂದರ ಜೀವನಕಥೆ ಬಂದಿತು.

ಪರದೇಶದಲ್ಲಿ ಖ್ಯಾತಿ ಬೆಳೆದರೂ ಅವರ ಮನಸ್ಸು ಸ್ವದೇಶವನ್ನು ಬಿಡಲಿಲ್ಲ. ಹನ್ನೆರಡು ವರ್ಷಗಳ ತರುವಾಯ ಭಾರತಕ್ಕೆ ಬಂದು ಅಣ್ಣನನ್ನು ಕಂಡರು. ಆ ಅನುಭವವನ್ನು 1924ರಲ್ಲಿ ಪುಸ್ತಕವಾಗಿಸಿದರು. ಶ್ರೀ ರಾಮಕೃಷ್ಣ ಪರಮಹಂಸರನ್ನು ಕುರಿತು ಅವರು 1926ರಲ್ಲಿ ಪ್ರಕಟಿಸಿದ ಗ್ರಂಥವು ಫ್ರಾನ್ಸಿನ ಮಹಾಲೇಖಕ ರೊಮೇನ್ ರೋಲಾಂಡರ ಗಮನವನ್ನು ಪರಮಹಂಸರ ಕಡೆಗೆ ಸೆಳೆಯಿತು. ಕ್ಯಾಥರಿನ್ ಮೇಯೋ ಎಂಬಾಕೆ ಭಾರತವನ್ನು ಹೀನಾಯವಾಗಿ ಚಿತ್ರಿಸಿ ಪುಸ್ತಕ ಬರೆದಾಗ, 1928ರಲ್ಲಿ ಭಾರತಮಾತೆಯ ಪುತ್ರನಾಗಿ ಪ್ರತ್ಯುತ್ತರವನ್ನಿತ್ತರು.

ಎರಡು ದೇಶಗಳ ನಡುವೆ ಸೇತುವೆಯಾದವನಿಗೆ ಎರಡು ದಡಗಳ ಭಾರವನ್ನೂ ಹೊರಬೇಕಾಗುತ್ತದೆ. ಅಣ್ಣ ಸೆರೆಮನೆಯಲ್ಲಿ ವರ್ಷಗಳನ್ನು ಕಳೆದಾಗ ತಮ್ಮ ದೂರದೇಶದಲ್ಲಿ ಲೇಖನಿ ಹಿಡಿದು ಕುಳಿತಿದ್ದರು. ಕಡೆಯ ವರ್ಷಗಳಲ್ಲಿ ಖಿನ್ನತೆ ಅವರನ್ನು ಬಾಧಿಸಿತು. 1936ರ ಜುಲೈ 14ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ನಗರದಲ್ಲಿ ಅವರು ತಾವಾಗಿಯೇ ಪ್ರಾಣವನ್ನು ತೊರೆದರು. ಭೀತಗೊಂಡ ಹಕ್ಕಿಯನ್ನು ಮತ್ತೆ ಹಾರಿಸಿದ ಕಥೆಗಾರನಿಗೆ ಅಂಥದೊಂದು ವಿಹಾರದ ಆಸರೆ ಆ ಹೊತ್ತಿನಲ್ಲಿ ದೊರೆಯದೆ ಹೋದುದು ಶೋಚನೀಯ. ಇದರಿಂದ ಅವರ ಬೋಧೆ ಸುಳ್ಳಾಗುವುದಿಲ್ಲ. ಚಿತ್ರಗ್ರೀವನೂ ಏಕಾಕಿಯಾಗಿ ಗುಣಹೊಂದಿದವನಲ್ಲ. ಅವನನ್ನು ಕೈಯಲ್ಲಿ ಹಿಡಿದು ಬೆಟ್ಟವೇರಿದವರಿದ್ದರು, ಸಹನೆಯಿಂದ ಕಾದ ಗುರುವಿದ್ದರು. ನೊಂದ ಜೀವಕ್ಕೆ ಮತ್ತೊಂದು ಜೀವದ ಆಸರೆ ಬೇಕು.

ಧನಗೋಪಾಲರು ಸಾಕಿದ ಮರಿಗಳು ಇಂದಿಗೂ ಗ್ರಂಥಾಲಯದ ಕಪಾಟುಗಳಲ್ಲಿ ಬಾಲಕರ ಕೈಗಾಗಿ ಕಾದಿವೆ. ಹಾರಲಂಜಿ ಮಾಳಿಗೆಯ ಅಂಚಿನಲ್ಲಿ ನಿಂತ ಆ ಎಳೆಯ ಪಾರಿವಾಳವನ್ನು ಒಮ್ಮೆ ಓದಿ ಕಂಡ ಮಗು, ತನ್ನ ಪಕ್ಕದಲ್ಲಿ ಹೆದರಿ ನಿಂತ ಗೆಳೆಯನನ್ನು ಅಪಹಾಸ್ಯ ಮಾಡಲಾರದು. ಆ ಕಥೆಗಾರನ ನಿಜವಾದ ಸ್ಮಾರಕ ಇದೇ.