ಅಂಗವಿಕಲರ ಕ್ರೀಡೆಯ ಪಿತಾಮಹ ಡಾ. ಲುಡ್ವಿಗ್ ಗುಟ್ಮನ್

ಗದುಗಿನ ಪಂಡಿತ ಪಂಚಾಕ್ಷರಿ ಗವಾಯಿಗಳವರ (೧೮೯೨–೧೯೪೪) ಪುಣ್ಯಚರಿತ್ರೆಯನ್ನು ಅರಿಯದ ಶರಣಬಂಧುಗಳು ನಮ್ಮ ಭಾಗದಲ್ಲಿ ವಿರಳ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಗೆ ಪಾತ್ರರಾದ ಆ ಅಂಧ ಗಾಯಕರು ಹಾಡಲು ಕುಳಿತರೆ ರಸಿಕರು ತೂಗಿ ನೋಡಿದುದು ಅವರ ಸ್ವರಜ್ಞಾನವನ್ನೇ ಹೊರತು ಅವರ ಕಣ್ಣುಗಳನ್ನಲ್ಲ. ಸಂಗೀತದಲ್ಲಿ ದೊರೆತ ಈ ನ್ಯಾಯವು ಆಟದ ಬಯಲಿನಲ್ಲಿ ದೊರೆಯಲು ಬಹುಕಾಲ ಹಿಡಿಯಿತು. ಅದಕ್ಕಾಗಿ ಬಾಳನ್ನು ಸವೆಸಿದ ದೂರದೇಶದ ವೈದ್ಯರೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಲುಡ್ವಿಗ್ ಗುಟ್ಮನ್ನರು ೧೮೯೯ರ ಜುಲೈ ೩ರಂದು ಅಂದು ಜರ್ಮನಿಗೆ ಸೇರಿದ್ದ, ಇಂದು ಪೋಲೆಂಡಿನಲ್ಲಿರುವ ಟೋಸ್ಟ್ ಎಂಬ ಊರಿನ ಯಹೂದಿ ಮನೆತನದಲ್ಲಿ ಜನಿಸಿದರು. ೧೯೧೭ರಲ್ಲಿ ಅವರು ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ, ಬೆನ್ನೆಲುಬು ಮುರಿದ ಕಲ್ಲಿದ್ದಲು ಗಣಿಯ ಕಾರ್ಮಿಕನೊಬ್ಬನನ್ನು ಅಲ್ಲಿಗೆ ತಂದರು. ಗಟ್ಟಿಮುಟ್ಟಾದ ಆ ತರುಣನ ವಿಷಯದಲ್ಲಿ ಹಿರಿಯ ವೈದ್ಯರು ಆಸೆಯನ್ನೇ ತೊರೆದರು. ಕೆಲವೇ ವಾರಗಳಲ್ಲಿ ಅವನು ಅಸುನೀಗಿದನು. ಆ ಮರಣವು ಗುಟ್ಮನ್ನರ ಮನಸ್ಸಿನಲ್ಲಿ ಅಳಿಯದೆ ಉಳಿಯಿತು. ೧೯೨೪ರಲ್ಲಿ ವೈದ್ಯಪದವಿ ಪಡೆದು, ಬ್ರೆಸ್ಲೌ ನಗರದಲ್ಲಿ ನರರೋಗತಜ್ಞರಾಗಿ ಹೆಸರು ಗಳಿಸಿದರು. ೧೯೩೩ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದೊಡನೆ ಯಹೂದಿಯೆಂಬ ಕಾರಣಕ್ಕೆ ಹುದ್ದೆಯನ್ನು ಕಳೆದುಕೊಂಡು, ಯಹೂದಿಗಳ ಆಸ್ಪತ್ರೆಯನ್ನು ಸೇರಿದರು. ೧೯೩೮ರ ನವೆಂಬರ್ ೯ರ ಕರಾಳ ರಾತ್ರಿ, ಬಾಗಿಲಿಗೆ ಬಂದವರನ್ನೆಲ್ಲ ರೋಗಿಗಳೆಂದು ದಾಖಲಿಸಿಕೊಂಡು ಹಲವರ ಪ್ರಾಣ ಉಳಿಸಿದರು. ಮರುವರ್ಷ ಮಡದಿ ಮಕ್ಕಳೊಡನೆ ಇಂಗ್ಲೆಂಡಿಗೆ ವಲಸೆ ಹೋದರು.

೧೯೪೪ರ ಫೆಬ್ರವರಿ ೧ರಂದು ಸ್ಟೋಕ್ ಮ್ಯಾಂಡೆವಿಲ್ ಎಂಬಲ್ಲಿ ಬೆನ್ನುಹುರಿಗೆ ಪೆಟ್ಟಾದ ಯೋಧರ ಆಸ್ಪತ್ರೆಯ ವಿಭಾಗವು ಅವರ ವಶಕ್ಕೆ ಬಂದಿತು. ಅಂಥ ಯೋಧರು ಹೆಚ್ಚು ದಿನ ಬದುಕಲಾರರೆಂಬುದೇ ಅಂದಿನ ನಂಬಿಕೆ. ಹಾಸಿಗೆ ಹುಣ್ಣು ಮತ್ತು ಮೂತ್ರಕೋಶದ ಸೋಂಕುಗಳೇ ಅವರ ಪ್ರಾಣವನ್ನು ಹೀರುತ್ತಿದ್ದವು. ಹಗಲಿರುಳೆನ್ನದೆ ಪ್ರತಿ ೨ ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕೆಂದು ಗುಟ್ಮನ್ನರು ವಿಧಿಸಿದರು. ಪ್ರಾಣ ಉಳಿದವರಿಗೆ ಮರಗೆಲಸ, ಗಡಿಯಾರ ದುರಸ್ತಿ ಮೊದಲಾದ ಕೆಲಸಗಳನ್ನು ಕಲಿಸಿದರು. ಬಾಹುಬಲ ವೃದ್ಧಿಗಾಗಿ ಆಟಗಳನ್ನು ಆಡಿಸಿದರು. ಶರಣರು ಸಾರಿದ ಕಾಯಕತತ್ತ್ವವನ್ನು ಅವರು ಕೇಳಿದ್ದರೋ ಇಲ್ಲವೋ, ನಡೆದುದು ಮಾತ್ರ ಆ ಹಾದಿಯಲ್ಲಿಯೇ.

೧೯೪೮ರ ಜುಲೈ ೨೯ರಂದು ಲಂಡನ್ನಿನಲ್ಲಿ ಒಲಿಂಪಿಕ್ಸ್ ಆರಂಭವಾಯಿತು. ಅದೇ ದಿನ ಈ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ, ಗಾಲಿಕುರ್ಚಿಯಲ್ಲಿ ಕುಳಿತ ೧೬ ಜನರು ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಆ ೧೬ ಜನರ ಕೂಟವು ೧೯೫೨ರಲ್ಲಿ ಡಚ್ಚರ ಆಗಮನದಿಂದ ಅಂತರರಾಷ್ಟ್ರೀಯವಾಯಿತು. ೧೯೬೦ರಲ್ಲಿ ರೋಮ್ ನಗರದಲ್ಲಿ ೨೩ ದೇಶಗಳ ಸುಮಾರು ೪೦೦ ಸ್ಪರ್ಧಿಗಳ ಮಹಾಕೂಟವಾಗಿ ಬೆಳೆಯಿತು. ಅದೇ ಇಂದಿನ ಪ್ಯಾರಾಲಿಂಪಿಕ್ಸ್. ೧೯೬೬ರಲ್ಲಿ ಬ್ರಿಟಿಷ್ ಸರಕಾರವು ಗುಟ್ಮನ್ನರಿಗೆ ಸರ್ ಪದವಿಯನ್ನಿತ್ತು ಗೌರವಿಸಿತು. ೧೯೮೦ರ ಮಾರ್ಚ್ ೧೮ರಂದು ಅವರು ದಿವಂಗತರಾದರು.

ಅವರು ನೆಟ್ಟ ಸಸಿ ಮರವಾಯಿತು. ಆದರೆ ಅದನ್ನು ನೋಡುವ ಲೋಕದ ದೃಷ್ಟಿ ಅಷ್ಟೇ ವೇಗದಲ್ಲಿ ಬದಲಾಗಲಿಲ್ಲ. ನೆರೆಯ ಸಾಂಗಲಿ ಜಿಲ್ಲೆಯಲ್ಲಿ ಜನಿಸಿ, ೧೯೬೫ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ ಪೇಟ್ಕರ್ ಎಂಬ ಯೋಧರು ೧೯೭೨ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ೫೦ ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಆದರೂ ೨೦೦೮ರಲ್ಲಿ ಅಭಿನವ ಬಿಂದ್ರಾ ಒಲಿಂಪಿಕ್ಸ್‌ನಲ್ಲಿ ಗೆದ್ದಾಗ, ೩೬ ವರ್ಷ ಹಿಂದಿನ ಆ ಚಿನ್ನವನ್ನು ಸ್ಮರಿಸಿದವರು ಎಷ್ಟು ಮಂದಿ? ಪೇಟ್ಕರರಿಗೆ ಪದ್ಮಶ್ರೀ ದೊರೆತುದು ೨೦೧೮ರಲ್ಲಿ. ನಮ್ಮ ನಾಡಿನ ಮಾಲತಿ ಹೊಳ್ಳ, ೨೦೧೨ರಲ್ಲಿ ೧.೭೪ ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದ ಗಿರೀಶ, ೨೦೨೧ ಮತ್ತು ೨೦೨೪ರಲ್ಲಿ ಬ್ಯಾಡ್ಮಿಂಟನ್ನಿನಲ್ಲಿ ಬೆಳ್ಳಿ ಗೆದ್ದ ಸುಹಾಸ್ ಯತಿರಾಜ್ ಮೊದಲಾದವರಿಂದ ಪರಿಸ್ಥಿತಿ ಸುಧಾರಿಸಿದೆ. ಆದರೂ ಕ್ರೀಡಾಪಟುವಿನ ಕಾಲಿನ ಊನವನ್ನು ಮೊದಲು ಬರೆದು, ಅವನು ಜಿಗಿದ ಎತ್ತರವನ್ನು ಕೊನೆಗೆ ತಿಳಿಸುವ ವಾರ್ತೆಗಳು ಇನ್ನೂ ಕಾಣಸಿಗುತ್ತವೆ. ಮೌನವು ಒಂದು ಬಗೆಯ ಅನ್ಯಾಯವಾದರೆ, ಅತಿಯಾದ ಕನಿಕರವು ಇನ್ನೊಂದು ಬಗೆಯದು. ಮೊದಲನೆಯದು ಸಾಧಕನನ್ನೇ ಮರೆಮಾಡುತ್ತದೆ. ಎರಡನೆಯದು ಅವನ ಸಾಧನೆಯನ್ನು ಮರೆಮಾಡುತ್ತದೆ.

ಸೈದಾಪುರದಂಥ ಊರುಗಳ ಶಾಲೆಗಳಲ್ಲಿಯೂ ಆಟದ ಅವಧಿಯಲ್ಲಿ ಗೋಡೆಯ ನೆರಳಿಗೆ ಕುಳಿತು, ಗೆಳೆಯರ ಚಪ್ಪಲಿ ಕಾಯುವ ಮಗು ಇರಬಹುದು. ಗುರುಗಳು ಆ ಮಗುವಿನ ಕೈಗೂ ಒಂದು ಚೆಂಡನ್ನು ಕೊಟ್ಟು, ಅದು ಎಸೆದ ದೂರವನ್ನು ಅಳತೆಪಟ್ಟಿ ಹಿಡಿದು ಅಳೆಯಬೇಕು. ದಾನಿಗಳು ನೀಡುವ ನೆರವು ದಯೆಯ ಭಿಕ್ಷೆಯಾಗದೆ ದಾಸೋಹವಾಗಬೇಕು. ಶಾಲೆಯ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು, ಮೈದಾನಕ್ಕೆ ಒಂದು ಸಮತಟ್ಟಾದ ದಾರಿ, ಇವೂ ದಾಸೋಹವೇ. ಗುಟ್ಮನ್ನರ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಪೂಜೆ ಬೇರೊಂದಿಲ್ಲ.